ತೂತಿನ ಲೆಕ್ಕ

ಗಿರಣಿಯಲ್ಲಿ ಮೂವತ್ತೆಂಟು ವರ್ಷ
ದೀಪದ ಮೇಜಿನ ಮೇಲೆ ಥಾನುಗಟ್ಟಲೆ ಬಟ್ಟೆ ಎಳೆದು
ತೂತು ಹುಡುಕುವುದೇ ನನ್ನ ಕೆಲಸ.
ಎಳೆ ಬಿಟ್ಟಲ್ಲಿ, ಗಂಟು ಬಿದ್ದಲ್ಲಿ, ಎಣ್ಣೆಯ ಚುಕ್ಕಿ ಕೂತಲ್ಲಿ
ಸೀಮೆಸುಣ್ಣದ ಒಂದು ಗೀಟು.
ಗಿರಣಿ ಮುಚ್ಚಿತು. ಈಗ ಅಲ್ಲಿ ಕಾಫಿ ಮಾರುತ್ತಾರೆ.
ಕಣ್ಣಿಗೆ ಮಾತ್ರ ಯಾರೂ ನಿವೃತ್ತಿ ಕೊಡಲಿಲ್ಲ.

ವೂಚ್ ಊರಿನ ಅಂಚಿಗೆ, ಟ್ರಾಮು ತಿರುಗುವ ಕಡೆ
ಹತ್ತು ಹೆಜ್ಜೆ ಅಗಲ, ಮೂವತ್ತು ಹೆಜ್ಜೆ ಉದ್ದ ನನ್ನ ತೋಟ.
ಬೆಳಿಗ್ಗೆ ಐದಕ್ಕೆ ಕೋಸಿನ ಎಲೆಯೊಂದನ್ನು
ಸೂರ್ಯನಿಗೆ ಅಡ್ಡ ಹಿಡಿಯುತ್ತೇನೆ.
ಹನ್ನೊಂದು ತೂತು. ನಿನ್ನೆ ಏಳಿತ್ತು.
ಪಕ್ಕದಲ್ಲಿ ಹಸಿರು ಹಿಕ್ಕೆ ಇದ್ದರೆ
ಬಿಳಿ ಪಾತರಗಿತ್ತಿಯ ಮಕ್ಕಳು;
ಬೆಳ್ಳಿಯ ಗೆರೆ ಎಳೆದಿದ್ದರೆ ರಾತ್ರಿಪಾಳಿಯವನು,
ಚಿಪ್ಪಿಲ್ಲದ ಬಸವನಹುಳು.
ಗಿರಣಿಯ ಹಳೇ ಖಾತೆಪುಸ್ತಕದಲ್ಲೇ ಬರೆಯುತ್ತೇನೆ.
'ದೋಷ' ಎಂಬ ಕಾಲಮಿನಲ್ಲಿ ಹನ್ನೊಂದು.
'ಹೊಣೆ ಯಾರು' ಎಂಬಲ್ಲಿ
ಏನು ಬರೆಯಲಿ? ಹಸಿವು ಎಂದು ಬರೆದೆ ಒಮ್ಮೆ.
ಆಮೇಲೆ ಬಿಟ್ಟುಬಿಟ್ಟೆ.

ಸಬ್ಬಸಿಗೆಯ ದಂಟಿನ ಮೇಲೆ ಇರುವೆಗಳು
ಹೇನು ಸಾಕಿ ಹಾಲು ಕರೆಯುತ್ತವೆ.
ಗುಲಗಂಜಿ ಹುಳುವೊಂದು ಹಟ್ಟಿಗೆ ನುಗ್ಗಿ
ದಿನಕ್ಕೆ ಮೂವತ್ತು ಮುಕ್ಕುತ್ತದೆ.
ಹಲಗೆಯಡಿಯ ನೆಲಗಪ್ಪೆಗೆ ನಾನೆಂದರೆ ಅಸಡ್ಡೆ,
ಬಾಡಿಗೆ ಕೇಳಲು ಬಂದವಳನ್ನು ನೋಡಿದ ಹಾಗೆ
ಒಂದು ಕಣ್ಣು ಮುಚ್ಚಿ, ಒಂದು ತೆರೆದು ಕೂತಿರುತ್ತದೆ.

ಬೇಲಿಯಾಚೆ ಬೊಲೆಸ್ವಾಫ್ ಬೆನ್ನಿಗೆ ಡಬ್ಬಿ ಕಟ್ಟಿ
ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾನೆ.
ಅವನ ಕೋಸಿಗೆ ಒಂದೂ ತೂತಿಲ್ಲ.
"ಇವತ್ತೆಷ್ಟು, ಗೆನೊವೇಫಾ?" ಎಂದು ಕೂಗುತ್ತಾನೆ,
ನಾನು ಆಲೂಗಡ್ಡೆ ಸಾಲಿನಲ್ಲಿ
ಉಪ್ಪುನೀರಿನ ಜಾಡಿ ಹಿಡಿದು ಕುಕ್ಕರಗಾಲಲ್ಲಿದ್ದಾಗ.

ಪಟ್ಟೆದುಂಬಿ. ಹಳದಿ ಬೆನ್ನು, ಹತ್ತು ಕರಿ ಗೆರೆ.
ನನಗೆ ಎಂಟು ತುಂಬಿದ ಬೇಸಿಗೆಯಲ್ಲಿ
ಶಾಲೆಗೆ ಶಾಲೆಯನ್ನೇ ಹೊಲಕ್ಕಿಳಿಸಿದ್ದರು.
ಕೈಗೊಂದೊಂದು ಸೀಸೆ.
ಅಮೆರಿಕದವರು ವಿಮಾನದಿಂದ ಸುರಿದಿದ್ದಾರೆ ಇವನ್ನು,
ನಮ್ಮ ಅನ್ನಕ್ಕೆ ಕಲ್ಲು ಹಾಕಲು, ಎಂದರು ಟೀಚರು.
ಗೋಡೆಯ ಮೇಲಿನ ಚಿತ್ರದಲ್ಲಿ ದುಂಬಿಗೆ
ಸೈನಿಕನ ಟೋಪಿ, ಕೋರೆಹಲ್ಲು.
ನಾನು ಎಲೆ ನೋಡಿದ್ದಕ್ಕಿಂತ ಆಕಾಶ ನೋಡಿದ್ದೇ ಹೆಚ್ಚು.
ಅಲ್ಲಿಂದ ಒಂದೂ ಬೀಳಲಿಲ್ಲ.

ಸಿಕ್ಕಿದ ಒಂದನ್ನು ಸೀಸೆಗೆ ಹಾಕದೆ
ಬೆಂಕಿಪೊಟ್ಟಣದಲ್ಲಿಟ್ಟು ಮನೆಗೆ ತಂದೆ.
ಕೋರೆಹಲ್ಲಿರಲಿಲ್ಲ. ಎಲೆ ಕೊಟ್ಟರೆ
ಅಂಚಿನಿಂದ ಅಚ್ಚುಕಟ್ಟಾಗಿ ತಿನ್ನುತ್ತಿತ್ತು, ಕರ್ರ ಕರ್ರ,
ಶತ್ರು ತಿನ್ನುವ ಸದ್ದು ಕೇಳುತ್ತ ನಿದ್ದೆಹೋದೆ.
ಮೂರನೇ ದಿನ ಎಲೆಯಡಿಗೆ ಕಿತ್ತಳೆ ಬಣ್ಣದ ಮೊಟ್ಟೆ,
ಸಾಲಾಗಿ, ಹೊಲಿಗೆ ಹಾಕಿದ ಹಾಗೆ, ಇಪ್ಪತ್ತಾರು.
ಹೆದರಿ ಪೊಟ್ಟಣವನ್ನು ಬಾವಿಯ ಹಿಂದೆ ಎಸೆದೆ.

ಮರುವರ್ಷ ಅಪ್ಪನ ಹೊಲದಲ್ಲಿ
ಎಲೆಯಿಲ್ಲದ ದಂಟುಗಳಷ್ಟೇ ನಿಂತಿದ್ದವು.
ಅಪ್ಪ ಟೋಪಿ ತೆಗೆದು ಆಕಾಶದ ಕಡೆ ನೋಡಿ
ಅಮೆರಿಕದವರಿಗೆ ಹಿಡಿಶಾಪ ಹಾಕಿದ.
ನಾನು ಸುಮ್ಮನಿದ್ದೆ.
ಆ ಚಳಿಗಾಲ ತಟ್ಟೆಯಲ್ಲಿ ಟರ್ನಿಪ್ಪು, ಮತ್ತೆ ಟರ್ನಿಪ್ಪು.
ನನ್ನ ದುಂಬಿಯೋ, ಊರಿಗೆಲ್ಲ ಬಂದದ್ದೋ
ಯಾರು ಹೇಳಬೇಕು? ಹೊಣೆಯ ಕಾಲಮು
ಇವತ್ತಿಗೂ ಖಾಲಿ.

ಜಾಡಿಯಲ್ಲಿ ಮೂವತ್ತೊಂಬತ್ತಾದವು.
ನಲವತ್ತನೆಯದು ಬೆರಳು ತಾಗುತ್ತಲೇ
ಕಾಲು ಮಡಚಿ ಅಂಗೈಗೆ ಉರುಳಿತು, ಸತ್ತಂತೆ.
ಇದರ ನಾಟಕ ನನಗೆ ಹೊಸದಲ್ಲ.
ಗಡಿಯಾರ ನೋಡುತ್ತ ಕಾದೆ.
ನಾಲ್ಕು ನಿಮಿಷ. ಐದು.
ಮೊಣಕಾಲು ನೋಯುತ್ತಿತ್ತು,
ಟ್ರಾಮು ಕಿರುಗುಟ್ಟಿ ತಿರುಗಿ ಹೋಯಿತು.
ಆರನೇ ನಿಮಿಷಕ್ಕೆ ಒಂದು ಮೀಸೆ ಅಲುಗಿತು.

"ಇವತ್ತೆಷ್ಟು?" ಎಂದ ಬೊಲೆಸ್ವಾಫ್.
ಮೂವತ್ತೊಂಬತ್ತು ಎಂದೆ.